ಬಿಷಪ್ಪನ ಕಥೇನೇ ಮುಗೀತಿಲ್ಲ!

ಪ್ರಶ್ನೆ: ಮೇಡಂ, ಫ್ರೆಂಚ್ ಬಿ-1 (ಮಧ್ಯಮ ಹಂತ) ಮುಗಿಸಿ ಧೈರ್ಯ ಮಾಡಿ ಹ್ಯೂಗೋನ 'ಲೆ ಮಿಸೆರಾಬ್ಲ್' ಕಾದಂಬರಿ ಮೂಲದಲ್ಲೇ ಶುರು ಮಾಡಿದೀನಿ, ಎಷ್ಟ್ ಓದಿದ್ರೂ ಬರೀ ಬಿಷಪ್ ಬಗ್ಗೇನೇ, ಕಥಾನಾಯಕ ಜಾನ್ ವಾಲ್‌ಜಾನ್ ಪತ್ತೇನೇ ಇಲ್ಲ. ಬಿಟ್ಬಿಡ್ಲಾ? — ಓದುಗರು, ಮೈಸೂರು

ಉತ್ತರ: ಬಿಡ್ಬೇಡಿ ಮಾರಾಯ್ರೇ, ಕಾದಂಬರಿಯ ಒಂದೊಂದು ಭಾಗದೊಳಗೂ ಹಲವು 'ಪುಸ್ತಕ' ಇವೆ, ಮೊದಲ್ನೇ ಭಾಗದ ಮೊದಲ್ನೇ ಪುಸ್ತಕದ 14 ಅಧ್ಯಾಯನೂ ಬಿಷಪ್ಪಂದೇ, ಎರಡ್ನೇದ್ರಲ್ಲಿ ವಾಲ್‌ಜಾನ್ ದೀನ್ಯ್ ಊರಿಗೆ ನಡ್ಕೊಂಡ್ ಬರ್ತಾನೆ, ಹೋಟ್ಲವ್ರು ಜಾಗ ಕೊಡಲ್ಲ, ನಾಯಿಗೂಡಿಗೆ ನುಗ್ಗಿದ್ರೆ ನಾಯೀನೂ ಓಡಿಸುತ್ತೆ, ಅಲ್ಲಿಂದ ಪುಸ್ತಕ ಕೆಳಗಿಡೋಕಾಗಲ್ಲ. ಕ್ಲಾಸಲ್ಲಿ ಸರಿಯಾಗಿ ಕಲಿಸ್ದೇ ಇರೋ 'ಪಾಸೆ ಸಾಂಪ್ಲ್' ಅನ್ನೋ ಭೂತಕಾಲನೇ ಕಥೆ ತುಂಬಾ ಇರೋದು, ಮಾತಲ್ಲಿ ಯಾರೂ ಬಳಸಲ್ಲ, ಮುಖ್ಯ ಕ್ರಿಯಾಪದಗಳ 'ಅವನು-ಅವರು' ರೂಪ ಗುರುತು ಹಿಡಿದ್ರೆ ಸಾಕು. ಪ್ರತಿ ಪದಕ್ಕೂ ಡಿಕ್ಷನರಿ ತೆಗೀಬೇಡಿ, ಪುಟಕ್ಕೆ ಎರಡ್ಮೂರು ಸಾಕು. ಎರಡ್ನೇ ಭಾಗದ ಶುರುವಲ್ಲೇ ವಾಟರ್ಲೂ ಯುದ್ಧ 19 ಅಧ್ಯಾಯ ಇದೆ, ಹಾರಿಸಿ, ಆದ್ರೆ ಕೊನೇ ಅಧ್ಯಾಯ ಮಾತ್ರ ಓದಿ, ಹೆಣಗಳ ಜೇಬು ತಡಕೋ 'ತೆನಾರ್ದಿಯೇ' ಅನ್ನೋ ಖಳ ಮುಂದೆ ಬೇಕಾಗ್ತಾನೆ. (ಹ್ಯೂಗೋ ಅಭಿಮಾನಿಗಳು ಬೈದ್ರೆ ಬೈಲಿ.) ತೀರಾ ಕಷ್ಟ ಆದ್ರೆ ಮೊದ್ಲು ದ್ಯೂಮಾನ 'ಮಾಂಟೆ ಕ್ರಿಸ್ಟೊ' ಓದಿ, ಅದೂ ದಪ್ಪಾನೇ, ಆದ್ರೆ 1844ರಿಂದ ಪೇಪರಲ್ಲಿ ಧಾರಾವಾಹಿಯಾಗಿ ಬಂದಿದ್ದು, ಸಂಭಾಷಣೆ ಜಾಸ್ತಿ, ಸರಸರ ಓಡುತ್ತೆ.