ಕರ್ಲ್ ಹೊಡೆದರೂ ಕಾಫಿ ಮೂಟೆ ಏಳುತ್ತಿಲ್ಲವೆಂದರೆ

ಆರು ತಿಂಗಳು ಜಿಮ್ ಮಾಡಿದರೂ ಕಾಫಿ ಮೂಟೆ ಎತ್ತಲಾಗುತ್ತಿಲ್ಲ, ಸೊಂಟವೂ ನೋಯುತ್ತಿದೆ ಎಂದು ಕೇಳಿದ್ದೀರಿ. ಬರೀ ಕರ್ಲ್ (ತೂಕ ಹಿಡಿದು ಮೊಣಕೈ ಮಡಚುವುದು), ಲೆಗ್ ಎಕ್ಸ್‌ಟೆನ್ಶನ್ (ಯಂತ್ರದಲ್ಲಿ ಕುಳಿತು ಮೊಣಕಾಲು ಚಾಚುವುದು) ಮಾಡಿದ್ದೇ ಮೂಟೆ ಏಳದಿರಲು ಕಾರಣ ಇರಬೇಕು. ಒಂದೊಂದೇ ಸ್ನಾಯು ಗಟ್ಟಿಯಾಗಿದೆ. 50 ಕೆಜಿ ಕಾಫಿ ಮೂಟೆ ಎತ್ತಲು ತೊಡೆ, ಸೊಂಟ, ಬೆನ್ನು ಒಟ್ಟಿಗೆ ದುಡಿಯಬೇಕಲ್ವಾ? ಮಡಿಕೇರಿಯ ಜಿಮ್‌ನಲ್ಲಿ ನಾನೂ ಕನ್ನಡಿ ಮುಂದೆ ತೋಳು ನೋಡಿಕೊಂಡೇ ಒಂದು ವರ್ಷ ಕಳೆದಿದ್ದೆ!

ಮೊದಲು ಖಾಲಿ ಬಾರ್‌ನಲ್ಲಿ ಸ್ಕ್ವಾಟ್ (ಬಾರ್ ಹೆಗಲ ಮೇಲಿಟ್ಟು ಕುಕ್ಕರಿಸಿ ಏಳುವುದು) ಕಲಿಯಿರಿ. ಸಾಮಾನ್ಯವಾಗಿ ಅದೇ 20 ಕೆಜಿ ಇರುತ್ತದೆ. ಆಮೇಲೆ ಡೆಡ್‌ಲಿಫ್ಟ್: ನೆಲದಿಂದ ಬಾರ್ ಎತ್ತಿ ನೆಟ್ಟಗೆ ನಿಲ್ಲುವುದು. ಬಾರ್ ಕಾಲಿಗೆ ತಾಗಿಕೊಂಡೇ ಏಳಬೇಕು, ಬೆನ್ನು ಗೂನಾಗಬಾರದು. ಗೂನಾದರೆ ತೂಕ ಜಾಸ್ತಿಯಾಗಿರಬಹುದು, ಇಳಿಸಿ. ಜೊತೆಗೆ ರೋ, ಅಂದರೆ ಮುಂದಕ್ಕೆ ಬಾಗಿ ಬಾರ್ ಅನ್ನು ಹೊಟ್ಟೆಯತ್ತ ಎಳೆಯುವುದು. ವಾರಕ್ಕೆ ಎರಡು ದಿನ, ಒಂದೊಂದನ್ನೂ 8 ಸಲದಂತೆ 3 ಸೆಟ್ (ಸುತ್ತು) ಸಾಕು. ಸಲೀಸಾದಾಗ 2.5 ಕೆಜಿ ಏರಿಸಿ.

ಕರ್ಲ್ ಬಿಡಬೇಕಿಲ್ಲ, ಕೊನೆಗೆ ಎರಡು ಸೆಟ್ ಮಾಡಿ. ಸೊಂಟನೋವು ಯಾವುದರದ್ದು ಎಂದು ಇಲ್ಲಿಂದ ಹೇಳಲಾಗದು. ಕಾಲಿಗೆ ಜೋಮು ಇಳಿಯುತ್ತಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ.