ಬಂಗಾರಪೇಟೆಯಿಂದ, ನಿನ್ನ ಪ್ರಶ್ನೆಗೆ

"ಮನೆಯಲ್ಲಿ ತೆಲುಗು, ದುಡಿಮೆಗೆ ಬೆಂಗಳೂರು. ಕೋಲಾರದಲ್ಲಿ ನಿಮ್ಮದು ಅಂತ ಇರೋದಾದ್ರೂ ಏನು?" ಅಂತ ಕೇಳಿದೆಯಲ್ಲ, ಹೇಳ್ತೀನಿ ಕೇಳು.

ಬೆಂಗಳೂರಿಗೆ ಹೋಗ್ತೀವಿ, ನಿಜ. ಆದರೆ ರಾತ್ರಿಗೆ ವಾಪಸ್ ಬರ್ತೀವಿ. ಕೆಜಿಎಫ್‌ನ ಮಾರಿಕುಪ್ಪಂ ಸ್ಟೇಷನ್ ಕಡೆಯಿಂದ ಬರೋ ಬೆಳಗಿನ ರೈಲು ಬಂಗಾರಪೇಟೆ ದಾಟೋವಾಗ ಕಾಲಿಡೋಕೆ ಜಾಗ ಇರಲ್ಲ. 2001ರ ಫೆಬ್ರುವರಿಯಲ್ಲಿ ಚಿನ್ನದ ಗಣಿ ಮುಚ್ಚಿದಾಗ ಕೆಜಿಎಫ್ ಖಾಲಿಯಾಗುತ್ತೆ ಅಂದವರೇ ಜಾಸ್ತಿ. ಆಗಲಿಲ್ಲ. ಮುತ್ತಾತಂದಿರ ಕಾಲದಲ್ಲಿ ತಮಿಳು ಸೀಮೆಯಿಂದ ಬಂದವರಿಗೆ ಅಷ್ಟೊತ್ತಿಗೆ ಅದೇ ಊರಾಗಿತ್ತು. ಅವರ ಗುಡಿ, ಚರ್ಚು, ಹಿರಿಯರ ಸಮಾಧಿ ಎಲ್ಲ ಅಲ್ಲೇ. ಮನೆ ಬಿಡದೆ ರೈಲು ಹತ್ತಿದರು. ನಮ್ಮ ಹಳ್ಳಿಗಳಲ್ಲೂ ಅಷ್ಟೆ. ಗಂಡಸು ಬೆಂಗಳೂರಲ್ಲಿ ಸಂಬಳ ತರ್ತಾನೆ, ಹೆಂಗಸು ಸೀಮೆಹಸು ಕರೆದು ಡೇರಿಗೆ ಹಾಲು ಹಾಕ್ತಾಳೆ, ರೇಷ್ಮೆಹುಳಕ್ಕೆ ಸೊಪ್ಪು ಹಾಕ್ತಾಳೆ. ಆ ಸಂಬಳ ಬೋರ್‌ವೆಲ್ಲಿಗೆ, ಹುಳುಮನೆಗೆ ಇಳಿಯುತ್ತೆ. ಜಿಲ್ಲೆ ನಿಂತಿರೋದು ಅದರಿಂದ. ಹೆಚ್ಚಿನ ಭಾರ ಹೆಂಗಸರ ಮೇಲಿದೆ ಅನ್ನೋದನ್ನ ನಾವು ಜೋರಾಗಿ ಹೇಳೋದಿಲ್ಲ, ಹೇಳಬೇಕು.

ಇನ್ನು ಭಾಷೆ. ಕೋಲಾರದ ಟಮಾಟ ಮಂಡಿಗೆ ಸುಗ್ಗಿಯಲ್ಲಿ ಬಂದು ನೋಡು. 15 ಕೆ.ಜಿ. ಬಾಕ್ಸುಗಳ ಸಾಲಿನ ಮುಂದೆ ಹರಾಜು ಕೂಗೋನು ಕನ್ನಡದಲ್ಲಿ ಶುರುಮಾಡಿ, ತೆಲುಗಲ್ಲಿ ಆಂಧ್ರದ ರೈತನನ್ನ ಒಪ್ಪಿಸಿ, ತಮಿಳಲ್ಲೋ ಹಿಂದಿಯಲ್ಲೋ ಕೊಳ್ಳೋನ ಹತ್ರ ರೇಟು ಏರಿಸ್ತಾನೆ. ವರ್ಷವೆಲ್ಲ ಹರಿಯೋ ನದಿ ನಮಗಿಲ್ಲ. ಪಾಲಾರ್ ಬಹುಪಾಲು ಒಣಗೇ ಇರುತ್ತೆ. 2018ರಲ್ಲಿ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಿಂದ ನಮ್ಮ ಕೆರೆಗಳಿಗೆ ಬಂದಿದ್ದೂ ಬೆಂಗಳೂರು ಬಳಸಿ ಶುದ್ಧೀಕರಿಸಿದ ನೀರು. ನೀರಿಲ್ಲದ ಜಿಲ್ಲೆಗೆ ಮಂಡಿಯಲ್ಲಿ ಕೇಳೋ ಈ ಭಾಷೆಗಳೇ ಬಂಡವಾಳ. ಯಾವ ರಾಜ್ಯದವನು ಬಂದ್ರೂ ವ್ಯಾಪಾರ ಕುದುರಿಸ್ತೀವಿ.

ಆದ್ರೆ ಅದೇ ನಮಗೆ ಉರುಳು. ಶಾಲೆ, ಕೆಲಸ, ಬೆಂಗಳೂರಲ್ಲಿ ಬಾಡಿಗೆ ಮನೆ, ಎಲ್ಲಿ ಹೋದ್ರೂ ಮಾತೃಭಾಷೆ ಕೇಳ್ತಾರೆ. ತೆಲುಗು ಅಂದ್ರೆ "ಓ, ಆಂಧ್ರದವರಾ?" ಅಂತಾರೆ. ಕನ್ನಡ ಅಂದ್ರೆ ನನ್ನ ತಾಯಿಯ ಮಾತನ್ನ ಮುಚ್ಚಿಟ್ಟ ಹಾಗೆ. ನಮ್ಮ ಜಿಲ್ಲೆಯ ನರಸಾಪುರದಲ್ಲಿ ಕಾರ್ಖಾನೆಗಳು ಬಂದ ಮೇಲೆ ಇದು ಇನ್ನೂ ಬಿಗಿಯಾಗಿದೆ. ಸ್ಥಳೀಯರಿಗೆ ಕೆಲಸ ಕೊಡಿ ಅಂತ ನಾವೇ ಕೂಗ್ತೀವಿ. ಸ್ಥಳೀಯ ಯಾರು ಅನ್ನೋ ಮಾತು ಬಂದಾಗ, ಇಲ್ಲೇ ಹುಟ್ಟಿ ಕನ್ನಡ ಶಾಲೆಯಲ್ಲಿ ಓದಿದ ನಮ್ಮ ಹುಡುಗನ ಮನೆಮಾತು ಅಡ್ಡ ಬರುತ್ತೆ. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆಮಾತು ತಮಿಳು. 1983ರ ಜ್ಞಾನಪೀಠ ಬಂದಿದ್ದು ಅವರ ಕನ್ನಡಕ್ಕೆ. ಅವರನ್ನ ಹೊರಗಿನವರು ಅಂತೀಯಾ?

ಈ ಸಲ ಮಗಳ ಅರ್ಜಿಯಲ್ಲಿ ಮಾತೃಭಾಷೆ ತೆಲುಗು ಅಂತಲೇ ಬರೆದೆ, ಕಲಿಕೆಯ ಮಾಧ್ಯಮ ಕನ್ನಡ ಅಂತ ಗುರುತು ಹಾಕಿದೆ. ಎರಡರಲ್ಲಿ ಒಂದು ತಪ್ಪಿರಬೇಕು, ತಿದ್ದಿ ಅಂದ್ರು. ಎರಡೂ ಸರಿ ಅಂತ ನಿಂತು ವಾದ ಮಾಡಿ, ಸೀಲು ಹಾಕಿಸ್ಕೊಂಡೇ ಬಂದೆ.