ಒಂದು ಬಳ್ಳಿಗೆ ಮಾತ್ರ ಬೂದಿ ರೋಗ ಬರಲಿಲ್ಲ, ಯಾಕೆ?

ಕಾಪು ಕಡೆಯ ಓದುಗರೊಬ್ಬರ ಪತ್ರ: ‘ಭತ್ತ ಕೊಯ್ದ ಗದ್ದೆಯಲ್ಲಿ ಸಾಂಬಾರು ಸೌತೆ ಹಾಕಿದ್ದೆ. ಅಂಗಡಿ ಬೀಜದ ಬಳ್ಳಿಗಳಿಗೆಲ್ಲ ಬೂದಿ ರೋಗ ಬಂತು. ಅಜ್ಜಿ ಇಟ್ಟಿದ್ದ ಬೀಜದ ಒಂದು ಬಳ್ಳಿ ಮಾತ್ರ ಹಸಿರಾಗಿಯೇ ಇದೆ. ಇದು ಅದೃಷ್ಟವಾ, ಬೀಜದ ಗುಣವಾ?’

ಸಂಪಾದಕರ ಉತ್ತರ: ಬೀಜದ ಗುಣ ಇರಬಹುದು. ಸುತ್ತಲೂ ಎಲೆಗಳು ಬೆಳ್ಳಗಾಗಿರುವಾಗ ಈ ಬಳ್ಳಿಯ ಮೇಲೂ ರೋಗದ ಕಣಗಳು ಬಿದ್ದೇ ಇರುತ್ತವೆ. ಅಲ್ಲಿ ಅವಕ್ಕೆ ನೆಲೆ ಸಿಗಲಿಲ್ಲ, ಅಷ್ಟೇ.

ಬೂದಿ ರೋಗ ತರುವುದು ಒಂದು ಶಿಲೀಂಧ್ರ, ಅಂದರೆ ಬೂಸ್ಟಿನಂಥ ಜೀವಿ. ಅದು ಜೀವಂತ ಕೋಶದಿಂದ ಮಾತ್ರ ಆಹಾರ ಹೀರಬಲ್ಲದು. ಕೆಲವು ಗಿಡಗಳಲ್ಲಿ ಕಾವಲುಗಾರನಂಥ ಜೀನ್ ಇರುತ್ತದೆ. ಶಿಲೀಂಧ್ರದ ಒಂದು ಪ್ರೋಟೀನಿನ ಗುರುತು ಹತ್ತಿದರೆ ಸಾಕು, ಗಿಡ ಆ ಜಾಗದ ಕೋಶವನ್ನು ತಾನೇ ಸಾಯಿಸುತ್ತದೆ. ಶಿಲೀಂಧ್ರ ಉಪವಾಸ ಬೀಳುತ್ತದೆ. ಆದರೆ ಶಿಲೀಂಧ್ರದ ಆ ಪ್ರೋಟೀನ್ ಬದಲಾದರೆ ಜೀನಿಗೆ ಗುರುತೇ ಸಿಗುವುದಿಲ್ಲ.

ಇದಕ್ಕೆ ನಿಮ್ಮ ಬೆಳೆಯ ನೆಂಟನದೇ ಕಥೆ ಇದೆ. ಸಾಂಬಾರು ಸೌತೆ ನಿಜಕ್ಕೂ ಖರ್ಬೂಜದ ಜಾತಿ, ಎಳೆಸೌತೆಯದ್ದಲ್ಲ. ಕ್ಯಾಲಿಫೋರ್ನಿಯಾದ ಖರ್ಬೂಜ ಬೂದಿ ರೋಗಕ್ಕೆ ಸಿಕ್ಕಿದಾಗ ಅಲ್ಲಿನವರು ಭಾರತದಿಂದ ಹೋದ ಬೀಜದ ಗುಣ ಸೇರಿಸಿ 1936ರಲ್ಲಿ ಪಿಎಂಆರ್ 45 ಎಂಬ ತಳಿ ತಂದರು. 1938ರ ಹೊತ್ತಿಗೆ ಅದನ್ನೂ ಹಿಡಿಯುವ ಹೊಸ ಬಗೆಯ ಶಿಲೀಂಧ್ರ ಬಂದೇಬಿಟ್ಟಿತು!

ಬಾರ್ಲಿಯಲ್ಲಿ ಆದದ್ದು ಇದಕ್ಕೆ ಉಲ್ಟಾ. ಅಲ್ಲಿ ಎಂಎಲ್‌ಒ ಎಂಬ ಜೀನ್ ಸರಿಯಾಗಿ ಕೆಲಸ ಮಾಡಿದರೇ ಶಿಲೀಂಧ್ರಕ್ಕೆ ಒಳಗೆ ಹೋಗುವುದು ಸುಲಭ. ಅದು ಕೆಟ್ಟರೆ ಗಿಡ ಗಟ್ಟಿ. ಜರ್ಮನಿಯಲ್ಲಿ ಎಕ್ಸ್‌-ರೇ ಹಾಯಿಸಿದ ಬಾರ್ಲಿಯಲ್ಲಿ ಇಂಥ ಗುಣ ಕಂಡದ್ದು 1942ರಲ್ಲಿ ವರದಿಯಾಯಿತು. ಇಥಿಯೋಪಿಯಾದ ನಾಟಿ ಬಾರ್ಲಿಯಲ್ಲಿ ಅದು ತಾನಾಗಿಯೇ ಇತ್ತು. ಯುರೋಪಿನ ಹೊಲಗಳಲ್ಲಿ ಈ ಗುಣ ದಶಕಗಳಿಂದ ರೋಗಕ್ಕೆ ಸೋಲದೆ ನಿಂತಿದೆ. ಟೊಮೆಟೊ, ಬಟಾಣಿಯಲ್ಲೂ ಇಂಥದ್ದೇ ಸಿಕ್ಕಿದೆ. ಪುಕ್ಕಟೆ ಏನಲ್ಲ, ಬಾರ್ಲಿ ಎಲೆಯಲ್ಲಿ ಸುಮ್ಸುಮ್ನೆ ಸತ್ತ ಚುಕ್ಕೆಗಳು ಬರುತ್ತವೆ, ಇಳುವರಿಯೂ ಸ್ವಲ್ಪ ತಗ್ಗಬಹುದು.

ನಿಮ್ಮ ಬಳ್ಳಿಯದ್ದು ಯಾವ ಬಗೆ ಎಂದು ಎಲೆ ನೋಡಿ ಹೇಳಲಾಗದು. ಆದರೆ ಬೀಜ ಮಾತ್ರ ಕಳೆದುಕೊಳ್ಳಬೇಡಿ. ಜೇನ್ನೊಣ ಪಕ್ಕದ ಬಳ್ಳಿಯ ಪರಾಗ ತಂದರೆ ಗುಣ ಬೆರಕೆಯಾಗುತ್ತದೆ, ಅಲ್ವಾ? ನಾಳೆ ಅರಳುವ ಗಂಡು, ಹೆಣ್ಣು ಮೊಗ್ಗುಗಳನ್ನು ಇವತ್ತು ಸಂಜೆಯೇ ದಾರದಿಂದ ಮೆಲ್ಲಗೆ ಕಟ್ಟಿ. ಬೆಳಿಗ್ಗೆ ಅದೇ ಬಳ್ಳಿಯ ಗಂಡು ಹೂವನ್ನು ಹೆಣ್ಣು ಹೂವಿಗೆ ಮುಟ್ಟಿಸಿ, ಮತ್ತೆ ಕಟ್ಟಿ. ಆ ಕಾಯಿ ಚೆನ್ನಾಗಿ ಹಣ್ಣಾದ ಮೇಲೆ ಬೀಜ ತೆಗೆಯಿರಿ. ಮುಂದಿನ ಸಲ ಅಂಗಡಿ ಬೀಜದ ಸಾಲಿನ ಪಕ್ಕದಲ್ಲೇ ಬಿತ್ತಿ. ಆ ಎರಡು ಸಾಲಿಗೆ ಮಾತ್ರ ಗಂಧಕ ಹೊಡೆಯಬೇಡಿ. ಹೊಡೆದರೆ ಉಳಿದದ್ದು ಬೀಜದಿಂದಲೋ ಮದ್ದಿನಿಂದಲೋ ಗೊತ್ತಾಗುವುದಿಲ್ಲ.